ಎಚ್‌ವಿಡಿಸಿ ಟ್ರಾನ್ಸ್‌ಫಾರ್ಮರ್ ನಷ್ಟವನ್ನು 50 ಹರ್ಟ್ಸ್ ಟೆಸ್ಟ್ ರಿಪೋರ್ಟ್‌ನಿಂದಲೇ ಲೆಕ್ಕ ಹಾಕಬಹುದೇ?

ಬರೀ ಅದರಿಂದ ಆಗುವುದಿಲ್ಲ. ತಾಲ್ಚೇರ್–ಕೋಲಾರ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಲೈನ್ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೀರಿ, 50 ಹರ್ಟ್ಸ್ ಲೋಡ್ ಲಾಸ್ (ಲೋಡ್ ಕರೆಂಟ್‌ನಿಂದಾಗುವ ನಷ್ಟ) ಹಿಡಿದು ವರ್ಷಕ್ಕೆ ಎಷ್ಟು ಯೂನಿಟ್ ಹೋಗುತ್ತದೆಂದು ತೆಗೆಯಬಹುದೇ ಎಂದು ಕೇಳಿದ್ದೀರಿ. ಹಾಗೆ ಮಾಡಿದರೆ ನಷ್ಟ ನಿಜಕ್ಕಿಂತ ಕಡಿಮೆ ಬರುತ್ತದೆ. ನಾನು ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್‌ನಲ್ಲಿರುವವನು, ಎಲ್ಲಿ ತಪ್ಪುತ್ತದೆ ಅಂತ ಹೇಳುತ್ತೇನೆ.

2003ರಲ್ಲಿ ಶುರುವಾದ ಆ ±500 ಕೆವಿ ಲೈನ್‌ನ ಎರಡೂ ತುದಿಯಲ್ಲಿ ಇರುವುದು ಥೈರಿಸ್ಟರ್ ವಾಲ್ವ್, ಅಂದರೆ ಎಸಿಯನ್ನು ಡಿಸಿಗೆ, ಡಿಸಿಯನ್ನು ಎಸಿಗೆ ತಿರುಗಿಸುವ ಸ್ವಿಚ್‌ಗಳು. ಹಾಗಾಗಿ ವಾಲ್ವ್ ಕಡೆಯ ವೈಂಡಿಂಗ್‌ನಲ್ಲಿ ಹರಿಯುವುದು ಸೈನ್ ಅಲೆಯಲ್ಲ, ಹೆಚ್ಚುಕಡಿಮೆ ಚೌಕದ ಅಲೆ. ಅದರಲ್ಲಿ 5, 7, 11, 13ನೇ ಹಾರ್ಮೋನಿಕ್‌ಗಳಿರುತ್ತವೆ (50 ಹರ್ಟ್ಸ್‌ನ ಅಷ್ಟು ಪಟ್ಟು ಫ್ರೀಕ್ವೆನ್ಸಿಯ ಅಲೆಗಳು). ಸ್ಟಾರ್, ಡೆಲ್ಟಾ ಎಂಬ ಎರಡು ಬಗೆಯ ವೈಂಡಿಂಗ್ ಜೋಡಣೆ ಸೇರಿ 12 ಪಲ್ಸ್ ಆದಾಗ 5 ಮತ್ತು 7 ಗ್ರಿಡ್ ಕಡೆ ರದ್ದಾಗುತ್ತವೆ ನಿಜ, ಆದರೆ ವಾಲ್ವ್ ವೈಂಡಿಂಗ್ ಅವನ್ನು ಪೂರ್ತಿ ಹೊರಲೇಬೇಕು.

ಲೋಡ್ ಲಾಸ್‌ನಲ್ಲಿ ಮೂರು ಪಾಲು: ಓಹ್ಮಿಕ್ (ತಂತಿಯ ರೆಸಿಸ್ಟೆನ್ಸ್‌ನಿಂದ), ವೈಂಡಿಂಗ್‌ನ ಎಡ್ಡಿ (ಕಾಂತಕ್ಷೇತ್ರ ತಂತಿಯೊಳಗೇ ಹುಟ್ಟಿಸುವ ಸುಳಿ ಕರೆಂಟ್‌ನಿಂದ), ಮತ್ತು ಟ್ಯಾಂಕ್, ಕ್ಲ್ಯಾಂಪ್‌ಗಳಲ್ಲಿನ ಸ್ಟ್ರೇ (ಅಲ್ಲಿಗೆ ಸೋರಿದ ಕಾಂತಕ್ಷೇತ್ರದಿಂದ). ಎಡ್ಡಿ ಫ್ರೀಕ್ವೆನ್ಸಿಯ ವರ್ಗದಂತೆ ಏರುತ್ತದೆ, ಸ್ಟ್ರೇ ಸುಮಾರು 0.8ರ ಘಾತದಂತೆ. ಇವನ್ನು ಬೇರ್ಪಡಿಸಲೆಂದೇ ಅಂತರರಾಷ್ಟ್ರೀಯ ಮಾನದಂಡ ಐಇಸಿ 61378-2ರಲ್ಲಿ (2017ರಿಂದ ಅದರ ಬದಲಿಗೆ ಐಇಸಿ/ಐಇಇಇ 60076-57-129) ಇನ್ನೊಂದು ಟೆಸ್ಟ್ ಇದೆ, 150 ಹರ್ಟ್ಸ್ ಅಥವಾ ಅದಕ್ಕೂ ಮೇಲೆ.

ಅಂಕಿ ಹಾಕಿ ನೋಡೋಣ (ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡದ್ದು). 50 ಹರ್ಟ್ಸ್‌ನಲ್ಲಿ ಲೋಡ್ ಲಾಸ್ 500 ಕಿಲೋವ್ಯಾಟ್, ಡಿಸಿ ರೆಸಿಸ್ಟೆನ್ಸ್‌ನಿಂದ ಓಹ್ಮಿಕ್ 420. ಉಳಿದದ್ದು 80. ಅದೇ ಕರೆಂಟ್‌ಗೆ 150 ಹರ್ಟ್ಸ್‌ನಲ್ಲಿ 942 ಬಂತು ಅನ್ನಿ. ಎಡ್ಡಿ 9 ಪಟ್ಟು, ಸ್ಟ್ರೇ 2.41 ಪಟ್ಟು ಆಗಿರುತ್ತದೆ. ಎರಡು ಸಮೀಕರಣ ಬಿಡಿಸಿದರೆ ಎಡ್ಡಿ 50, ಸ್ಟ್ರೇ 30. ಎರಡೂ ರೀಡಿಂಗ್ ಒಂದೇ ತಾಪಮಾನಕ್ಕೆ ತಂದಿರಬೇಕು, ಇದನ್ನು ಮರೆಯಬೇಡಿ: ಬಿಸಿಯಾದಂತೆ ಓಹ್ಮಿಕ್ ಏರುತ್ತದೆ, ಎಡ್ಡಿ ಇಳಿಯುತ್ತದೆ.

ಇನ್ನು ಹಾರ್ಮೋನಿಕ್ ಎಷ್ಟು? ಪಠ್ಯಪುಸ್ತಕದ ಪ್ರಕಾರ 5ನೆಯದು 50 ಹರ್ಟ್ಸ್ ಕರೆಂಟ್‌ನ ಐದರಲ್ಲೊಂದು, 7ನೆಯದು ಏಳರಲ್ಲೊಂದು. ಇದನ್ನೇ ಹಾಕಿದರೆ ಪ್ರತಿ ಹಾರ್ಮೋನಿಕ್‌ನಿಂದಲೂ ಎಡ್ಡಿಗೆ ಇನ್ನೊಂದು 50 ಸೇರುತ್ತದೆ, ಏಕೆಂದರೆ ಕರೆಂಟ್ ಇಳಿದಷ್ಟೇ ಫ್ರೀಕ್ವೆನ್ಸಿ ಏರಿದೆ. 25ನೆಯದಕ್ಕೆ ನಿಲ್ಲಿಸಿದರೆ ಒಟ್ಟು ಲೋಡ್ ಲಾಸ್ ಸುಮಾರು 950. ನಿಲ್ಲಿಸದಿದ್ದರೆ ಮೊತ್ತ ಬೆಳೆಯುತ್ತಲೇ ಹೋಗುತ್ತದೆ! ವಾಸ್ತವದಲ್ಲಿ ಕರೆಂಟ್ ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ದಾಟಲು ಸಮಯ ಬೇಕು. ಆ ಓವರ್‌ಲ್ಯಾಪ್‌ನಿಂದ ಅಲೆಯ ಅಂಚು ಓರೆಯಾಗಿ ಮೇಲಿನ ಹಾರ್ಮೋನಿಕ್‌ಗಳು ಬೇಗ ಕರಗುತ್ತವೆ. 5ನೆಯದು ಶೇ. 18, 7ನೆಯದು 12, 11ನೆಯದು 6, 13ನೆಯದು 4 ಎಂದಿಟ್ಟುಕೊಂಡರೆ ಒಟ್ಟು ಸುಮಾರು 640 ಕಿಲೋವ್ಯಾಟ್. 500 ಅಲ್ಲ, 950ಯೂ ಅಲ್ಲ. ನಿಮ್ಮ ಉತ್ತರದ ನಿಖರತೆಯೆಲ್ಲ ಇರುವುದು ಈ ಓವರ್‌ಲ್ಯಾಪ್‌ನಲ್ಲೇ.

ವರ್ಷದ ಯೂನಿಟ್‌ಗೆ: ನೋ-ಲೋಡ್ ಲಾಸ್ (ಲೋಡ್ ಇಲ್ಲದಿದ್ದರೂ ಆಗುವ ನಷ್ಟ) ಅನ್ನು ಚಾರ್ಜ್ ಆಗಿರುವ ಅಷ್ಟೂ ಗಂಟೆಗಳಿಗೆ ಗುಣಿಸಿ. ಲೋಡ್ ಲಾಸ್ ಅನ್ನು ಸರಾಸರಿ ಲೋಡ್‌ನಿಂದ ತೆಗೆಯಬೇಡಿ, ಗಂಟೆವಾರು ತೆಗೆದು ಕೂಡಿಸಿ. ಅರ್ಧ ಲೋಡ್‌ನಲ್ಲಿ ನಷ್ಟ ಕಾಲು ಭಾಗ ಎಂಬ ಸೂತ್ರವೂ ಇಲ್ಲಿ ಪೂರ್ತಿ ಸಲ್ಲದು: ಕರೆಂಟ್ ತಗ್ಗಿದಾಗ ಓವರ್‌ಲ್ಯಾಪ್ ಕಿರಿದಾಗಿ ಹಾರ್ಮೋನಿಕ್ ಪಾಲು ಹೆಚ್ಚುತ್ತದೆ. ನಾಲ್ಕೈದು ಲೋಡ್ ಮಟ್ಟಗಳಿಗೆ ಬೇರೆಬೇರೆ ಲೆಕ್ಕ ಮಾಡಿಟ್ಟುಕೊಂಡರೆ ಸಾಕು.

ಪುಗಲೂರು–ತ್ರಿಶ್ಶೂರ್ ಥರದ ವಿಎಸ್‌ಸಿ ಲೈನ್ (ಥೈರಿಸ್ಟರ್ ಬದಲು ಟ್ರಾನ್ಸಿಸ್ಟರ್ ಸ್ವಿಚ್‌ಗಳಿರುವುದು) ಆದರೆ ಕರೆಂಟ್ ಬಹುತೇಕ ಸೈನ್ ಅಲೆಯೇ. ಅಲ್ಲಿ ನಿಮ್ಮ 50 ಹರ್ಟ್ಸ್ ರಿಪೋರ್ಟ್ ನಡೆಯುತ್ತದೆ.