ಉರಿಗೆ ಗ್ಲೈಕಾಲ್ ಒಂದೇ ಕಾರಣವಾಗಿರಬೇಕಿಲ್ಲ

ಮುಖಕ್ಕೆ ಹಚ್ಚುವ ನಿಮ್ಮ ಸ್ಯಾಲಿಸಿಲಿಕ್ ಆಮ್ಲದ ಸೀರಮ್‌ನ ಘಟಕಗಳ ಪಟ್ಟಿಯಲ್ಲಿ ನೀರಿನ ನಂತರದ ಹೆಸರೇ ಪ್ರೊಪಿಲೀನ್ ಗ್ಲೈಕಾಲ್, ಹಚ್ಚಿದೊಡನೆ ಕೆನ್ನೆ ಉರಿಯುತ್ತದೆ, ಇದು ಕಾರಿನ ರೇಡಿಯೇಟರ್‌ಗೆ ಹಾಕುವ ವಿಷವೇ ಎಂದು ಕೇಳಿದ್ದೀರಿ.

ಅಲ್ಲ. ವಿಷಕಾರಿಯಾದದ್ದು ಎಥಿಲೀನ್ ಗ್ಲೈಕಾಲ್. ಪ್ರೊಪಿಲೀನ್ ಗ್ಲೈಕಾಲ್ ಅನ್ನು ಔಷಧಿಗಳಲ್ಲೂ ಆಹಾರದಲ್ಲೂ ಬಳಸುತ್ತಾರೆ. ಹೆಸರಿನ ಹೋಲಿಕೆಯಿಂದ ಹುಟ್ಟಿದ ಭಯವಿದು.

ಅದು ಅಲ್ಲಿರುವುದಕ್ಕೆ ಕಾರಣವಿದೆ. ಸ್ಯಾಲಿಸಿಲಿಕ್ ಆಮ್ಲ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಗ್ಲೈಕಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಅದು ತೇವವನ್ನೂ ಹಿಡಿದಿಡುತ್ತದೆ. ಜೊತೆಗೆ ಚರ್ಮದ ಹೊರಪದರವನ್ನು ಸಡಿಲಿಸಿ ಆಮ್ಲವನ್ನು ಒಳಗೆ ಬಿಡುತ್ತದೆ. ತಕರಾರು ಶುರುವಾಗುವುದೇ ಇಲ್ಲಿ. ಉರಿಸುತ್ತಿರುವುದು ಆಮ್ಲವೋ ಗ್ಲೈಕಾಲೋ ಎಂದು ಹೊರಗಿನಿಂದ ಹೇಳಲಾಗದು. ಕೂದಲು ಬೆಳೆಯಲೆಂದು ಹಚ್ಚುವ, ಗ್ಲೈಕಾಲ್ ಇರುವ ಮಿನಾಕ್ಸಿಡಿಲ್ ದ್ರಾವಣದಿಂದ ತಲೆ ತುರಿಸಿದವರಲ್ಲಿ ಹಲವರಿಗೆ ಗ್ಲೈಕಾಲ್ ಇಲ್ಲದ ನೊರೆ ಒಗ್ಗುವುದುಂಟು.

ಹಚ್ಚಿದೊಡನೆ ಉರಿದು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಅದು ಬಹುಮಟ್ಟಿಗೆ ಕೆರಳಿಕೆ. ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ ಬಂದರೆ ಅಲರ್ಜಿಯ ಶಂಕೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಪ್ರೊಪಿಲೀನ್ ಗ್ಲೈಕಾಲ್ ಅನ್ನು 2018ರ ‘ವರ್ಷದ ಅಲರ್ಜಿಕಾರಕ’ ಎಂದು ಆರಿಸಿತ್ತು, ಆದರೂ ಹೆಚ್ಚಿನವರಿಗೆ ಇದು ಏನೂ ಮಾಡದು.

ಈಗ ಸೀರಮ್ ನಿಲ್ಲಿಸಿ. ಚರ್ಮ ಶಾಂತವಾದ ಮೇಲೆ, ಆಮ್ಲವಿಲ್ಲದ, ಇದೇ ಗ್ಲೈಕಾಲ್ ಇರುವ ಸಾದಾ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ವಾರವೊಂದು ಹಚ್ಚಿ ನೋಡಿ. ಅಲ್ಲೂ ಕೆಂಪಾದರೆ ಚರ್ಮವೈದ್ಯರ ಬಳಿ ಪ್ಯಾಚ್ ಪರೀಕ್ಷೆ (ಶಂಕಿತ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡುವುದು) ಮಾಡಿಸಿ. ಇಸುಬು ಇದ್ದರಂತೂ ಈ ಪ್ರಯೋಗವೂ ಬೇಡ, ನೇರವಾಗಿ ಅವರಲ್ಲಿಗೇ ಹೋಗಿ.