ಅಗಳಿ ತೆಗೆದರಷ್ಟೇ ಸಾಲದು

ಪ್ರಶ್ನೆ: ಈ. ಕೋಲೈಗೆ ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಕೊಟ್ಟರೆ ಲ್ಯಾಕ್ ಆಪರಾನ್ ಯಾಕೆ ಜೋರಾಗಿ ನಡೆಯುವುದಿಲ್ಲ? ಲ್ಯಾಕ್ಟೋಸ್ ಇದ್ದರೆ ರಿಪ್ರೆಸರ್ ಬಿಟ್ಟು ಹೋಗಬೇಕಲ್ವಾ ಸರ್?
– ಬಿಎಸ್ಸಿ ವಿದ್ಯಾರ್ಥಿನಿ, ಸೇಡಂ

ಪರೀಕ್ಷೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ. ತಪ್ಪು ನಿಮ್ಮದಲ್ಲ, ಗೈಡ್‌ಗಳದು. 'ಲ್ಯಾಕ್ಟೋಸ್ ಬಂತು, ಸ್ವಿಚ್ ಆನ್' ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಆಪರಾನ್ ಎಂದರೆ ಒಂದೇ ಸ್ವಿಚ್ಚಿಗೆ ಒಟ್ಟಿಗೆ ನಡೆಯುವ ಜೀನ್‌ಗಳ ಗುಂಪು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಈ. ಕೋಲೈ ಬ್ಯಾಕ್ಟೀರಿಯಾ ಬಳಸಿಕೊಳ್ಳಲು ಬೇಕಾದ ಗುಂಪೇ ಲ್ಯಾಕ್ ಆಪರಾನ್.

ರಿಪ್ರೆಸರ್ ಎಂಬ ಪ್ರೋಟೀನ್ ಎಂದರೆ ಬಾಗಿಲ ಅಗಳಿ. ಅದು ಆಪರೇಟರ್ ಎಂಬ ಡಿಎನ್‌ಎ ತುಣುಕಿನ ಮೇಲೆ ಕೂತಿದ್ದರೆ, ಜೀನನ್ನು ಆರ್‌ಎನ್‌ಎ ಆಗಿ ನಕಲು ಮಾಡುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್ ನಕಲು ಶುರು ಮಾಡುವಂತಿಲ್ಲ. ಅಗಳಿ ತೆಗೆಯುವುದು ಜೀವಕೋಶದೊಳಗೆ ಲ್ಯಾಕ್ಟೋಸ್‌ನಿಂದಲೇ ಆಗುವ ಅಲೋಲ್ಯಾಕ್ಟೋಸ್, ಲ್ಯಾಕ್ಟೋಸ್ ಅಲ್ಲ. ಇದೊಂದಕ್ಕೇ ನಾನು ಕತ್ತರಿಸಿದ ಅಂಕಗಳಿಗೆ ಲೆಕ್ಕವಿಲ್ಲ.

ಸರಿ, ಅಗಳಿ ಹೋಯಿತು. ಬಾಗಿಲು ತಾನಾಗಿ ತೆರೆಯುತ್ತದೆಯೇ? ಲ್ಯಾಕ್ ಪ್ರೊಮೋಟರ್, ಅಂದರೆ ಪಾಲಿಮರೇಸ್ ಬಂದು ಕೂರುವ ಡಿಎನ್‌ಎ ಜಾಗ, ಬಹಳ ದುರ್ಬಲ. ಪಾಲಿಮರೇಸ್ ಜೊತೆಗಿದ್ದು ಅದಕ್ಕೆ ಜಾಗ ತೋರಿಸುವ ಪ್ರೋಟೀನ್ ಸಿಗ್ಮಾ-70, ನಕಲು ಶುರುವಾಗುವ ಜಾಗಕ್ಕಿಂತ ಹತ್ತು ಡಿಎನ್‌ಎ ಅಕ್ಷರ ಹಿಂದೆ 'ಟಿಎಟಿಎಎಟಿ' ಹುಡುಕುತ್ತದೆ. ಇಲ್ಲಿರುವುದು 'ಟಿಎಟಿಜಿಟಿಟಿ'. ಎರಡು ಅಕ್ಷರ ಬೇರೆ, ಹಾಗಾಗಿ ಹಿಡಿತ ಸಡಿಲ. ಪಕ್ಕದಲ್ಲಿ ಕ್ಯಾಪ್ ಎಂಬ ಪ್ರೋಟೀನ್ ಕೂತು ಪಾಲಿಮರೇಸನ್ನು ಹಿಡಿದುಕೊಳ್ಳಬೇಕು. ಕ್ಯಾಪ್ ಡಿಎನ್‌ಎ ಮೇಲೆ ಕೂರಲು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಸಂದೇಶದ ಅಣು ಬೇಕು. ಗ್ಲೂಕೋಸ್ ಬರುತ್ತಿರುವಾಗ ಅದು ಕಡಿಮೆ. ಸಾಲದ್ದಕ್ಕೆ, ಲ್ಯಾಕ್ಟೋಸನ್ನು ಒಳಗೆ ತರುವ ಪರ್ಮಿಯೇಸನ್ನೂ ಗ್ಲೂಕೋಸ್ ತಡೆದಿರುತ್ತದೆ. ಅಂದರೆ ಅಗಳಿಯೂ ಪೂರ್ತಿ ತೆಗೆದಿರುವುದಿಲ್ಲ.

ರೊಟ್ಟಿ, ಪುಂಡಿಪಲ್ಯ ಮುಂದೆ ಇರುವಾಗ ಯಾರಾದರೂ ಜೋಳ ಬೀಸಲು ಹೋಗುತ್ತಾರೆಯೇ? ಹಾಗಂತ 'ಬ್ಯಾಕ್ಟೀರಿಯಾ ಯೋಚಿಸಿ ಆರಿಸುತ್ತದೆ' ಎಂದು ಮಾತ್ರ ಬರೆಯಬೇಡಿ. ಅದಕ್ಕೂ ಅಂಕ ಕತ್ತರಿಸುತ್ತೇನೆ.

1961ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ ಹೇಳಿದ್ದು ಅಗಳಿಯ ಕಥೆ. ಕ್ಯಾಪ್ ಸಂಗತಿ ಆಮೇಲೆ ಗೊತ್ತಾಯಿತು. ನಮ್ಮ ಗೈಡ್‌ಗಳು ಇನ್ನೂ 1961ರಲ್ಲೇ ಇವೆ.

ಪ್ರಶ್ನೆ: ನಮ್ಮ ಬಿಸಿಲಿಗೆ ಬ್ಯಾಕ್ಟೀರಿಯಾ ಏನು ಮಾಡುತ್ತವೆ?
– ಶಹಾಬಾದ್

ಬಿಸಿ 42 ಡಿಗ್ರಿಗೆ ಏರಿದರೆ ಈ. ಕೋಲೈನಲ್ಲಿ ಸಿಗ್ಮಾ-32 ಎಂಬ ಇನ್ನೊಂದು ಸಿಗ್ಮಾ ಜಾಸ್ತಿಯಾಗುತ್ತದೆ. ಪ್ರೋಟೀನ್ ರಿಪೇರಿ ಮಾಡುವ ಜೀನ್‌ಗಳ ಕಡೆಗೆ ಪಾಲಿಮರೇಸನ್ನು ಕರೆದೊಯ್ಯುತ್ತದೆ. ನಮಗೆ ಮಜ್ಜಿಗೆ, ಅದಕ್ಕೆ ಸಿಗ್ಮಾ.

ಪ್ರಶ್ನೆ: ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾದ 'ಜೀನ್ ಆನ್ ಮಾಡುವ' ಪುಡಿ ಮಾರುತ್ತಿದ್ದಾರೆ. ತಗೊಳ್ಳಬಹುದಾ?
– ಆಳಂದ

ಆ ದುಡ್ಡಿಗೆ ಮೊಸರು ತಗೊಳ್ಳಿ.

ಪ್ರಶ್ನೆ: ಟಿಬಿ ಮಾತ್ರೆ ಶುರು ಮಾಡಿದ ಮೇಲೆ ಅಪ್ಪನ ಮೂತ್ರ ಕೆಂಪಾಗಿದೆ. ಊರಿನ ನಾಟಿ ವೈದ್ಯರು 'ರಕ್ತ ಕೆಡುತ್ತಿದೆ, ನಿಲ್ಲಿಸಿ' ಅಂದರು.
– ಚಿತ್ತಾಪುರ

ನಿಲ್ಲಿಸಬೇಡಿ. ಕೇಸರಿ-ಕೆಂಪು ಬಣ್ಣ ರಿಫಾಂಪಿಸಿನ್ ಮಾತ್ರೆಯದು. ಅದು ಟಿಬಿ ರೋಗಾಣುವಿನ ಪಾಲಿಮರೇಸ್ ಒಳಗೆ ಕೂತು, ಎರಡು-ಮೂರು ಅಕ್ಷರ ಆಗುವಷ್ಟರಲ್ಲೇ ನಕಲನ್ನು ನಿಲ್ಲಿಸುತ್ತದೆ. ಅರ್ಧಕ್ಕೆ ಬಿಟ್ಟರೆ, ಪಾಲಿಮರೇಸ್ ಬದಲಾಗಿ ಮಾತ್ರೆಗೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯಬಹುದು. ಆದರೆ ನಾನು ಲ್ಯಾಬ್‌ನವನು, ಡಾಕ್ಟರ್ ಅಲ್ಲ. ಅಪ್ಪನ ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ, ಮಾತ್ರೆ ಕೊಟ್ಟ ಆಸ್ಪತ್ರೆಗೆ ಅವತ್ತೇ ಕರೆದುಕೊಂಡು ಹೋಗಿ.