ಅಗಲ ಆಮೇಲೆ, ಮೊದಲು ಬೂದು ಶಾಯಿ ಎಷ್ಟಿದೆ ನೋಡಿ

ವಾಸ್ತುಶಿಲ್ಪಿಯೊಬ್ಬರ ಕಚೇರಿಯಿಂದ ಅಗ್ಗಕ್ಕೆ ಸಿಗುತ್ತಿರುವ 24 ಇಂಚಿನ, ನಾಲ್ಕು ಬಣ್ಣದ ಪ್ಲಾಟರ್ ಕೊಂಡು ಅದರಲ್ಲಿ ತಮ್ಮ ಕೊಂಕಣದ ಮಳೆಗಾಲದ ಕಪ್ಪು-ಬಿಳುಪು ಚಿತ್ರಗಳನ್ನು ಮುದ್ರಿಸುವುದಾಗಿ ಮುಂಬಯಿ ಬಳಿಯ ಡೊಂಬಿವಲಿಯ ಮಿತ್ರರು ಇಲ್ಲಿ ಬರೆದಿದ್ದಾರೆ. ದಯವಿಟ್ಟು ಮುಂಗಡ ಕೊಡಬೇಡಿ. ಅಗಲಕ್ಕೆ ಮರುಳಾಗಿ ಅಂಥದ್ದೇ ಯಂತ್ರವನ್ನು ಮನೆ ತುಂಬಿಸಿಕೊಂಡವನು ನಾನು.

ಪ್ಲಾಟರ್ ನಕ್ಷೆಯ ಗೆರೆಗಳಿಗಾಗಿ ಮಾಡಿದ ಯಂತ್ರ. ಅದರಲ್ಲಿ ಕಪ್ಪು ಇದ್ದರೂ ಬೂದು ಶಾಯಿ ಇಲ್ಲ. ತಿಳಿ ಬೂದು ಬೇಕಾದಾಗ ಅದು ಕಪ್ಪು ಚುಕ್ಕೆಗಳನ್ನು ವಿರಳವಾಗಿ ಉದುರಿಸಬೇಕು, ಇಲ್ಲವೇ ಸಯಾನ್ (ಹಸಿರು-ನೀಲಿ), ಮಜೆಂಟಾ (ಕಡುಗುಲಾಬಿ), ಹಳದಿಗಳನ್ನು ಬೆರೆಸಬೇಕು. ಮೊದಲನೆಯದರಲ್ಲಿ ಮೋಡದ ಮೇಲೆ ರಾಗಿ ಚೆಲ್ಲಿದಂತೆ ಕಾಣುತ್ತದೆ. ಎರಡನೆಯದರಲ್ಲಿ ಕಿಟಕಿಯ ಬೆಳಕಿಗೆ ಶುದ್ಧವಾಗಿದ್ದ ಬೂದು, ಹಳದಿ ದೀಪದ ಕೆಳಗೆ ಕೆಂಪಿಗೋ ಹಸಿರಿಗೋ ವಾಲುತ್ತದೆ. ಎಪ್ಸನ್ ಎಲ್18050ರಂಥ ಆರು ಬಣ್ಣದ ಇಂಕ್‌ಟ್ಯಾಂಕ್ ಯಂತ್ರಗಳಲ್ಲೂ ಹೆಚ್ಚುವರಿಯಾಗಿ ಇರುವುದು ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ, ಬೂದು ಅಲ್ಲ. ಶಾಯಿಯೂ ಬಣ್ಣದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಅಲ್ಲ, ದ್ರವದಲ್ಲಿ ಕರಗಿದ ಬಣ್ಣವಾದ ಡೈ. ಮದುವೆ ಆಲ್ಬಮ್ಮಿಗೆ ಅದು ಸಾಕು.

ಯಾವ ಯಂತ್ರವೇ ಆಗಲಿ, ಹಣ ಕೊಡುವ ಮೊದಲು ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳ ಬೂದು ಪಟ್ಟಿಯ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ನೀವು ಬಳಸುವ ಕಾಗದದ ಮೇಲೆಯೇ ಮುದ್ರಿಸಿ ನೋಡಿ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿ, ಒಂದನ್ನು ಕಿಟಕಿಯ ಬಳಿಯೂ ಇನ್ನೊಂದನ್ನು ಹಳದಿ ಬಲ್ಬಿನ ಕೆಳಗೂ ಇಡಿ. ಕೊನೆಯ ಮೂರು ಕಪ್ಪು ಮೆಟ್ಟಿಲುಗಳು ಬೇರೆಬೇರೆಯಾಗಿ ಕಾಣಬೇಕು, ಬಿಳಿಯ ಪಕ್ಕದ ಎರಡು ಮೆಟ್ಟಿಲುಗಳಲ್ಲಿ ಬರಿಗಣ್ಣಿಗೆ ಚುಕ್ಕೆ ಕಾಣಬಾರದು. ಮಾರುವವರು ತೋರಿಸುವ ಬಣ್ಣಬಣ್ಣದ ಗಿಳಿಯ ಚಿತ್ರದಿಂದ ನಮಗೆ ಏನೂ ತಿಳಿಯುವುದಿಲ್ಲ. ಅಂದೇ ತೀರ್ಪು ಕೊಡಬೇಡಿ. ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದದಲ್ಲಿ ಒಣಗಿದ ಮೇಲೆ ನೆರಳಿನ ವಿವರಗಳು ಕಪ್ಪಿನಲ್ಲಿ ಇನ್ನಷ್ಟು ಮುಚ್ಚಿಹೋಗುತ್ತವೆ.

ನನ್ನ ಅಭಿಪ್ರಾಯದಲ್ಲಿ ಮುಂಬಯಿಯ ಫ್ಲ್ಯಾಟಿಗೆ 17 ಇಂಚು, ಅಂದರೆ ಎ2 ಕಾಗದ, ಸಾಕು; ಅದಕ್ಕಿಂತ ದೊಡ್ಡದನ್ನು ಲ್ಯಾಬಿಗೆ ಕೊಡಿ. ಈ ಅಗಲದ ಎಪ್ಸನ್ ಪಿ900ರಲ್ಲಿ ಎರಡು ಕಪ್ಪು, ಎರಡು ಬೂದು ಇವೆ, ಹೊಳಪಿನ ಕಾಗದಕ್ಕೆ ಬೇಕಾದ ಫೋಟೋ ಕಪ್ಪಿಗೂ ಮ್ಯಾಟ್ ಕಾಗದಕ್ಕೆ ಬೇಕಾದ ಮ್ಯಾಟ್ ಕಪ್ಪಿಗೂ ಪ್ರತ್ಯೇಕ ನಾಜಲ್ (ಶಾಯಿ ಚಿಮ್ಮುವ ರಂಧ್ರ) ಇವೆ. ಹಳೆಯ ಪಿ800ರಲ್ಲಿ ಎರಡಕ್ಕೂ ಒಂದೇ ನಾಜಲ್ ಇದ್ದುದರಿಂದ, ಹೊಳಪಿನ ಕಾಗದಕ್ಕೂ ಮ್ಯಾಟ್‌ಗೂ ನಡುವೆ ಬದಲಿಸಿದಾಗಲೆಲ್ಲ ಕಪ್ಪು ಬದಲಾಗಿ ಶಾಯಿ ವ್ಯರ್ಥವಾಗುತ್ತಿತ್ತು, ಆದ್ದರಿಂದ ಸೆಕೆಂಡ್‌ಹ್ಯಾಂಡ್ ಅಗ್ಗವೆಂದು ಅದಕ್ಕೆ ಕೈಹಾಕುವ ಮುನ್ನ ಯೋಚಿಸಿ. ಪಿ900ರ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್ ಬಹುಪಾಲು ಕಪ್ಪು-ಬೂದು ಶಾಯಿಗಳಿಂದಲೇ ಚಿತ್ರ ಕಟ್ಟುವುದರಿಂದ ನನಗೆ ಅದೇ ಮೆಚ್ಚು. ಕ್ಯಾನನ್ ಪ್ರೊ-1000 ಕೂಡ ಕಡಿಮೆಯದಲ್ಲ: ಅಲ್ಲಿಯೂ ಎರಡು ಕಪ್ಪು, ಎರಡು ಬೂದು, ಜೊತೆಗೆ ಹೊಳಪನ್ನು ಸಮಗೊಳಿಸುವ ಕ್ರೋಮಾ ಆಪ್ಟಿಮೈಜರ್. ಶಾಯಿಯ ಟ್ಯಾಂಕ್ 80 ಮಿಲಿಲೀಟರಿನದು, ಪಿ900ರದು 50. ಆದರೆ ಯಂತ್ರ 32 ಕಿಲೋ ತೂಗುತ್ತದೆ, ರೋಲ್ ಕಾಗದ ಹಾಕಲು ಬರುವುದಿಲ್ಲ. ಅದರ ಹೆಡ್, ಅಂದರೆ ಶಾಯಿ ಚಿಮ್ಮಿಸುವ ಭಾಗ, ಕೆಟ್ಟರೆ ನೀವೇ ಬದಲಿಸಬಹುದು. ಎಪ್ಸನ್ನಿನದಕ್ಕೆ ತಂತ್ರಜ್ಞರೇ ಬರಬೇಕು. ತಿಂಗಳುಗಟ್ಟಲೆ ಮುಟ್ಟದೆ ಬಿಡುವವರು ಕ್ಯಾನನ್ ಕೊಳ್ಳಲಿ. ವಾರಕ್ಕೊಂದು ಮುದ್ರಣ ಮಾಡುವಷ್ಟು ಶಿಸ್ತಿಲ್ಲದೆ ಎಪ್ಸನ್ ಕೊಂಡು, ನಾಜಲ್ ಕಟ್ಟಿತೆಂದು ಇಲ್ಲಿ ಬಂದು ಕಂಪನಿಯನ್ನು ಬಯ್ಯುವವರನ್ನು ನೋಡಿ ನನಗೆ ಸಾಕಾಗಿದೆ.

ಕಾಗದದ ಮಾತು. ಹಾನೆಮ್ಯೂಲೆ ಫೋಟೋ ರ‍್ಯಾಗ್‌ನಂಥ ಹತ್ತಿಯ ಮ್ಯಾಟ್ ಕಾಗದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯ ತೇವ ಹೀರಿ ಅಂಚಿನಲ್ಲಿ ಮುರುಟಿಕೊಳ್ಳುತ್ತದೆ, ಆ ಅಂಚಿಗೆ ಹೆಡ್ ಉಜ್ಜಿ ಕಪ್ಪು ಗೀರು ಬೀಳುತ್ತದೆ. ಪೊಟ್ಟಣವನ್ನು ಮುಚ್ಚಿಯೇ ಇಟ್ಟು, ಮುದ್ರಿಸುವಷ್ಟೇ ಹಾಳೆಯನ್ನು ಎಸಿ ಹಾಕಿದ ಕೋಣೆಯಲ್ಲಿ ತೆಗೆಯಿರಿ, ಡ್ರೈವರಿನಲ್ಲಿ (ಕಂಪ್ಯೂಟರಿನಿಂದ ಯಂತ್ರವನ್ನು ನಡೆಸುವ ತಂತ್ರಾಂಶ) ಪ್ಲೇಟನ್ ಗ್ಯಾಪ್, ಅಂದರೆ ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ, ಹೆಚ್ಚಿಸಿ. ಆಳವಾದ ಕಪ್ಪು ಬೇಕಿದ್ದರೆ ತುಸು ಹೊಳಪಿರುವ ಬರೈಟಾ ಕಾಗದ ಹಿಡಿಯಿರಿ.

ಮುದ್ರಿಸಿದ ಮರುಗಳಿಗೆಯೇ ಗಾಜಿನ ಚೌಕಟ್ಟಿಗೆ ಹಾಕಬೇಡಿ. ಶಾಯಿಯಲ್ಲಿನ ಗ್ಲೈಕಾಲ್ ಎಂಬ ದ್ರಾವಕ ನಿಧಾನವಾಗಿ ಹೊರಬಂದು ಗಾಜಿನ ಒಳಮೈಗೆ ಮಂಜಿನಂತೆ ಅಂಟುತ್ತದೆ. ಚಿತ್ರದ ಮೇಲೆ ಸಾದಾ ಜೆರಾಕ್ಸ್ ಹಾಳೆ ಹೊದಿಸಿ ಒಂದು ದಿನ ಬಿಡಿ. ಹಾಳೆ ಸುಕ್ಕುಗಟ್ಟಿದ್ದರೆ ಗ್ಲೈಕಾಲ್ ಇನ್ನೂ ಬರುತ್ತಿದೆ ಎಂದರ್ಥ, ಹೊಸ ಹಾಳೆ ಹಾಕಿ, ಸುಕ್ಕು ನಿಂತ ಮೇಲೆ ಚೌಕಟ್ಟಿನವರ ಬಳಿ ಒಯ್ಯಿರಿ.